ಮೊತ್ಸುಮಿಯ ಮೂಳೆಚೀಲ

ಮಹಲಾಪಿ
ಅಕ್ಟೋಬರ್ ೧೪

ಪ್ರೀತಿಯ ಮಾವಾ,

ಮಂಡಿನೋವು ಹೇಗಿದೆ? ದನಗಳು ಕ್ಷೇಮವೇ? ನಿಮ್ಮ ದೊಡ್ಡಿಯಲ್ಲಿ ಫೋನು ಸಿಗದೆಂದು ನಿಮ್ಮ ಗಾಂಜಿ ಕಡೆಗೆ ಹೊರಟ ಲಾರಿಯವನ ಕೈಗೆ ಇದನ್ನು ಕೊಡುತ್ತಿದ್ದೇನೆ. ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಅಪ್ಪನ ಹಿಂಡಿನಲ್ಲಿ ಒಂಬತ್ತು ಹೋದವು. ಕಾಲು ಸೋತು ಕುಸಿಯುತ್ತವೆ, ನಾಲಿಗೆ ಜೋಲುತ್ತದೆ, ಕಣ್ಣು ಮಾತ್ರ ಕೊನೆಯವರೆಗೂ ನಮ್ಮನ್ನೇ ನೋಡುತ್ತಿರುತ್ತದೆ. ಕಳೆದ ತಿಂಗಳು ತಮ್ಮ ಒತ್ಸೆಲೆಂಗ್, ಸತ್ತು ಎರಡು ದಿನವಾಗಿದ್ದ ಹಸುವಿನ ಹೊಟ್ಟೆಯಿಂದ ಒಂದಿಷ್ಟು ತೆಗೆದು ನನ್ನ ಪ್ರಯೋಗಾಲಯಕ್ಕೆ ತಂದ. ಮೈ ಸೋಲಿಸಿ ಕೊಲ್ಲುವ ವಿಷರೋಗ ಬಾಟ್ಯುಲಿಸಂ ಇರಬಹುದೆಂದು ಅದರ ಸಾರವನ್ನು ಇಲಿಗಳಿಗೆ ಚುಚ್ಚಿದೆ. ಇಲಿಗಳಿಗೆ ಏನೂ ಆಗಲಿಲ್ಲ. 'ವಿಷ ಪತ್ತೆಯಾಗಿಲ್ಲ' ಎಂದು ಬರೆದು ಸಹಿ ಹಾಕಿದೆ. ಕೊಳೆತ ಮಾದರಿಯಲ್ಲಿ ಪತ್ತೆಯಾಗದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ. ವರ್ಷವರ್ಷವೂ ಇದನ್ನು ಪಾಠ ಹೇಳುವ ನಾನು ತಮ್ಮನಿಗೆ ಮಾತ್ರ ಹೇಳಲಿಲ್ಲ.

ಅವನು ಆ ಕಾಗದ ಹಿಡಿದು ಹಿರಿಯರ ಕಟ್ಟೆಗೆ ಹೋದ. ಹದಿನಾರು ವರ್ಷ ನಮ್ಮ ದನ ಕಾಯ್ದ ಮೊತ್ಸುಮಿಯ ಗುಡಿಸಲಲ್ಲಿ ಚೀಲ ತುಂಬ ಮೂಳೆ ಸಿಕ್ಕಿತ್ತಂತೆ. "ರೋಗ ಅಲ್ಲ ಅಂತ ನಮ್ಮಕ್ಕನೇ ಬರೆದುಕೊಟ್ಟಿದ್ದಾಳೆ. ಇದು ಮಾಟ!" ಎಂದು ಕೂಗಿದನಂತೆ. "ಅಯ್ಯಾ, ಹಸುಗಳು ಮೂಳೆ ಕಡೀತವೆ. ಸುಡೋಕೆ ಸೌದೆ ಆಗೋವರೆಗೂ ಎಟುಕದ ಹಾಗೆ ಎತ್ತಿಟ್ಟಿದ್ದೆ" ಎಂದನಂತೆ ಮೊತ್ಸುಮಿ. "ಎಲ್ಲರ ಹಸುನೂ ಕಡೀತವೆ ಕಣೋ, ಎಲ್ಲರೂ ಮಂಚದ ಕೆಳಗೆ ಬಚ್ಚಿಡ್ತಾರಾ?" ಎಂದು ಕಟ್ಟೆಯೆಲ್ಲ ನಕ್ಕಿತಂತೆ. ಅಂದೇ ಅವನನ್ನು ಊರಿಂದ ಅಟ್ಟಿದರು.

ಕಳೆದ ವಾರ ಇನ್ನೊಂದು ಹಸು ಕುಸಿಯಿತು. ಜೀವವಿರುವಾಗಲೇ ನಾನೇ ಹೋಗಿ ರಕ್ತ ತೆಗೆದು ತಂದು ಇಲಿಗಳಿಗೆ ಚುಚ್ಚಿದೆ. ಇವತ್ತು ಬೆಳಿಗ್ಗೆ ನೋಡಿದರೆ, ಇಲಿಗಳ ಸೊಂಟ ಕಡಜದ ಸೊಂಟದಂತೆ ಒಳಕ್ಕೆ ಸೆಳೆದಿದೆ. ಉಸಿರಿಗೆ ಒದ್ದಾಡಿ ಸತ್ತಿವೆ. ಜೊತೆಗೆ ಪ್ರತಿವಿಷ ಕೊಟ್ಟವು ಮಾತ್ರ ಕಾಳು ತಿನ್ನುತ್ತ ಕೂತಿವೆ. ರೋಗವೇ, ಮಾವಾ! ಬರುವುದು ಹಸುಗಳು ಕಡಿಯುವ ಆ ಕೊಳೆತ ಮೂಳೆಗಳ ವಿಷದಿಂದಲೇ. ಹಿಂಡನ್ನು ಉಳಿಸಲು ಹೊರಟಿದ್ದವನು ಮೊತ್ಸುಮಿಯೊಬ್ಬನೇ.

ತಮ್ಮನಿಗೆ ತೋರಿಸಿದೆ. "ಈಗ ಹೇಳಿದ್ರೆ ನಮ್ಮ ಮರ್ಯಾದೆ ಏನಾಗುತ್ತೆ? ಸುಮ್ನಿರಕ್ಕ" ಎಂದ. ಸೋಮವಾರ ಸಭೆ ಸೇರಿಸಲು ಕೇಳಿಕೊಂಡಿದ್ದೇನೆ. ಕಟ್ಟೆಯಲ್ಲಿ ಅಕ್ಕನ ಮಕ್ಕಳ ಪರ ನಿಲ್ಲಬೇಕಾದವರು ನೀವು. ಬನ್ನಿ. ಮೊತ್ಸುಮಿ ನಿಮ್ಮ ಗಾಂಜಿ ಕಡೆಯವನು, ಅಲ್ಲಿಗೇ ಬಂದಿದ್ದರೆ ಕರೆತನ್ನಿ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ಗಾಲೆಬೋವೆ

ಲಾರಿಯವನು ಕಾಯುತ್ತಿದ್ದಾನೆ. ಇದೊಂದು ಬರೆಯದೆ ಕಳಿಸಲಾರೆ. ವರದಿ ಓದಿದ ಒತ್ಸೆಲೆಂಗ್ ಫೋನಿನಲ್ಲಿ "ಹಾಗಾದ್ರೆ ಇನ್ನೇನಕ್ಕಾ?" ಎಂದಾಗ, "ಮೊತ್ಸುಮಿ ಗುಡಿಸಲು ಒಂದ್ಸಲ ಹುಡುಕು" ಎಂದವಳು ನಾನು. ಮೊತ್ಸುಮಿಗೆ ಇದು ಗೊತ್ತಿಲ್ಲ. ಸೋಮವಾರ ಎಲ್ಲರೆದುರು ಹೇಳುತ್ತೇನೆ. ಆಗ ನನ್ನ ಪರ ಮಾತಾಡಬೇಡಿ ಮಾವಾ, ಅವನ ಪರ ಮಾತಾಡಿ.