ನನ್ನ ಫೋನಿಗೆ ಬಂದ ಆರು ಅಂಕಿ

ಎಂವಿಪಿ ಕಾಲೋನಿ, ವಿಶಾಖಪಟ್ಟಣ
13 ಜುಲೈ 2025, ಭಾನುವಾರ

ಪ್ರೀತಿಯ ಅನು,

ಹೇಗಿದ್ದೀಯೆ? ವಿಜಯವಾಡದ ಬಿಸಿಲಿಗೆ ನಿನ್ನ ತಲೆನೋವು ಮತ್ತೆ ಕಾಣಿಸಿಕೊಂಡಿದೆಯೇ? ಹಾಸ್ಟೆಲ್ಲಿನ ಸಾರು ಬಾಯಿಗಿಡುವಂತಿದೆಯೇ, ಇಲ್ಲ ಮೊಸರನ್ನದಲ್ಲೇ ದಿನ ದೂಡುತ್ತಿದ್ದೀಯೋ? ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಿಜ ಹೇಳಬೇಕೆಂದರೆ ನಿನ್ನ ಭಾವ ದಿನವೂ ಹೋಟೆಲಿನಿಂದ ಇಡ್ಲಿ ತರುತ್ತಾರೆ, ಬೈದುಕೊಂಡೇ ತಿನ್ನುತ್ತಾರೆ. ಸಾಯಿಪ್ರಿಯಾ ಶಾಲೆಯಿಂದ ಬಂದವಳೇ ‘ಪಿನ್ನಿ ಎಪ್ಪುಡು ವಸ್ತುಂದಿ?’ ಅನ್ನುತ್ತಾಳೆ. ಚಿಕ್ಕಮ್ಮ ಯಾವಾಗ ಬರ್ತಾಳೆ ಎಂದು ಕನ್ನಡದಲ್ಲಿ ಕೇಳೇ ಎಂದರೆ, ಕನ್ನಡ ಪಿನ್ನಿಯ ಹತ್ತಿರ ಮಾತ್ರವಂತೆ. ಒಂಬತ್ತು ವರ್ಷದ ಹುಡುಗಿಗೆ ತಾಯಿಯ ಭಾಷೆ ಕಲಿಸಿದವಳು ತಾಯಿಯಲ್ಲ, ನೀನು.

ಈ ವಾರ ಕೋಚಿಂಗ್ ಸೆಂಟರಿನಲ್ಲಿ ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟಿನ ಪಾಠ ಮಾಡಿದೆ. ನಿನಗೂ ಎಷ್ಟೋ ಸಲ ಒಪ್ಪಿಸಿದ್ದೇನಲ್ಲ, ನೀನು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದೆ. ನೂರು ಕೋಟಿ ವರ್ಷಕ್ಕೂ ಹಿಂದೆ ಒಂದು ಜೀವಕೋಶ ಒಂದು ಹಸಿರು ಬ್ಯಾಕ್ಟೀರಿಯಾವನ್ನು ನುಂಗಿತು, ಆದರೆ ಅರಗಿಸಿಕೊಳ್ಳಲಿಲ್ಲ. ಒಳಗಿದ್ದವಳು ಬಿಸಿಲಿನಲ್ಲಿ ಅಡುಗೆ ಮಾಡಿದಳು, ಹೊರಗಿನವಳು ಉಂಡಳು. ನೋಡು, ಪಾಠದಲ್ಲಿ ‘ಅದು’ ಎಂದು ಹೇಳಿದ್ದೆ, ಇಲ್ಲಿ ‘ಅವಳು’ ಎಂದೇ ಬರುತ್ತಿದೆ. ಬ್ಯಾಕ್ಟೀರಿಯಾಗೆ ತನ್ನದೇ ಜೀನ್‌ಗಳು ಸಾವಿರಗಟ್ಟಲೆ ಇದ್ದವು. ಕೆಲವು ಬೇಡವಾಗಿ ಬಿದ್ದುಹೋದವು, ಕೆಲವು ಒಂದೊಂದಾಗಿ ಮನೆಯೊಡತಿಯ ಕೋಶಕೇಂದ್ರಕ್ಕೆ ಸೇರಿದವು. ಕ್ಲೋರೋಪ್ಲಾಸ್ಟ್ ಆಗಿಹೋದ ಅದರ ಕೈಯಲ್ಲಿ ಈಗ ಉಳಿದಿರುವುದು ನೂರರ ಆಸುಪಾಸು. ತನಗೆ ಬೇಕಾದ ಪ್ರೋಟೀನಿಗೂ ಅದು ಒಡತಿಯ ಕಡೆ ನೋಡಬೇಕು. ತನುಶ್ರೀ ಎಂಬ ಹುಡುಗಿ ಎದ್ದು ನಿಂತು, ‘ಮೇಡಂ, ಅದನ್ನ ಆಚೆ ತೆಗೆದು ನೀರಿಗೆ ಬಿಟ್ರೆ ಮತ್ತೆ ಬದುಕುತ್ತಾ?’ ಎಂದು ಕೇಳಿದಳು. ಇಲ್ಲ, ಸಾಧ್ಯವೇ ಇಲ್ಲ ಎಂದೆ. ಪುಸ್ತಕದ ಪ್ರಕಾರ ಅದು ಸರಿಯಾದ ಉತ್ತರ. ಆದರೆ ಹೇಳುವಾಗ ನನ್ನ ದನಿಯಲ್ಲಿ ಒಂದು ಬಗೆಯ ಸಮಾಧಾನವಿತ್ತು, ಅದು ನನ್ನ ಕಿವಿಗೇ ಬಿತ್ತು.

ನೀನು ದಾವಣಗೆರೆಯಿಂದ ಬಂದದ್ದು ನನ್ನ ಬಾಣಂತನಕ್ಕೆ, ಮೂರು ತಿಂಗಳ ಮಟ್ಟಿಗೆ. ನಿನ್ನ ಹಳೆಯ ಸಿಮ್ ಇಲ್ಲಿ ಸರಿಯಾಗಿ ಹಿಡಿಯುತ್ತಿಲ್ಲ ಎಂದಾಗ ‘ನಿಂಗ್ಯಾಕೆ ಬೇರೆ ನಂಬರು, ನಂದಿಲ್ವಾ’ ಎಂದು ನಾನೇ ನಿನ್ನ ಆಧಾರ್‌ಗೆ ನನ್ನ ನಂಬರ್ ಕೊಡಿಸಿದೆ. ಆಮೇಲೆ ಬ್ಯಾಂಕಿಗೂ ಅದೇ, ಗ್ಯಾಸಿಗೂ ಅದೇ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ ಅನು, ಇದನ್ನಾದರೂ ನಂಬು. ಎಲ್ಲವೂ ನಿನ್ನ ಅನುಕೂಲಕ್ಕೆಂದೇ ಶುರುವಾಯಿತು. ಒಂಬತ್ತು ವರ್ಷವಾಗುವಷ್ಟರಲ್ಲಿ ಅನಸೂಯ ಎಂಬ ಹೆಸರಿನ ಯಾವ ಬಾಗಿಲು ತೆಗೆಯಬೇಕಿದ್ದರೂ ಬೀಗದ ಕೈ ನನ್ನ ಫೋನಿನಲ್ಲಿರುತ್ತಿತ್ತು. ಅಮೀಬಾ ಜಾತಿಯ ಒಂದು ಜೀವಿಯಲ್ಲಿ ಈ ನುಂಗುವ ಕೆಲಸ ಇತ್ತೀಚೆಗೆ, ಅಂದರೆ ಹತ್ತು ಕೋಟಿ ವರ್ಷದ ಹಿಂದೆ, ಮತ್ತೊಮ್ಮೆ ಶುರುವಾಗಿ ಇನ್ನೂ ಅರ್ಧದಲ್ಲಿದೆಯಂತೆ. ನಮ್ಮ ಮನೆಯಲ್ಲಿ ಒಂಬತ್ತೇ ವರ್ಷ ಸಾಕಾಯಿತು.

ಜೂನ್ ಮೂವತ್ತರ ಮಧ್ಯಾಹ್ನ ನೀನು ವಿಜಯವಾಡದ ನೆಟ್ ಸೆಂಟರಿನಿಂದ ಫೋನ್ ಮಾಡಿದೆ. ಪುಟ್ಟ ಮಕ್ಕಳ ಟೀಚರ್ ತರಬೇತಿಗೆ ಅರ್ಜಿ ಹಾಕಲು ಅದೇ ಕಡೆಯ ದಿನ. ‘ಓಟಿಪಿ ಬಂತೇನಕ್ಕ?’ ಎಂದು ಮೂರು ಸಲ ಕೇಳಿದೆ. ‘ಇಲ್ಲ ಕಣೆ, ಸಿಗ್ನಲ್ಲೇ ಇಲ್ಲ’ ಎಂದು ಮೂರು ಸಲವೂ ನಾನು ಹೇಳಿದೆ. ಬಂದಿತ್ತು, ಅನು. ಮೂರು ಸಲವೂ ಬಂದಿತ್ತು. ಆ ಆರು ಅಂಕಿಗಳನ್ನು ನೋಡುತ್ತಾ ಕೂತಿದ್ದೆ. ಎದುರಿಗೆ ತೊಳೆಯದ ಪಾತ್ರೆ ರಾಶಿ ಬಿದ್ದಿತ್ತು. ಸೀಟು ಸಿಗದಿದ್ದರೆ ವಾಪಸು ಬರುತ್ತೀಯ ಎಂದುಕೊಂಡೆ, ಅಷ್ಟೇ. ಕೊನೆಗೆ ನೀನೇ ‘ಹೋಗ್ಲಿ ಬಿಡಕ್ಕ, ನೀನೇನ್ ಮಾಡ್ತೀಯ’ ಎಂದು ನನಗೆ ಸಮಾಧಾನ ಹೇಳಿದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನೀನು ಹೊರಟಾಗ ಚುಚ್ಚಿದವಳು ನಾನು. ಉಣ್ಣಿಸಿದವಳಿಗೆ ಎರಡು ಬಗೆದವಳೂ ನಾನೇ. ಫೋನಿನಲ್ಲಿ ಹೇಳಿದ್ದರೆ ನೀನು ತಕ್ಷಣ ಕ್ಷಮಿಸಿಬಿಡುತ್ತಿದ್ದೆ, ಅದಕ್ಕೇ ಕಾಗದ ಬರೆದೆ. ನಿಧಾನವಾಗಿ ಓದಿ ಸಿಟ್ಟು ಮಾಡಿಕೋ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ಇದ್ದಿದ್ದರೆ ನಿನ್ನನ್ನು ಹರಸಿ ನನ್ನನ್ನು ಬೈಯುತ್ತಿದ್ದಳು. ಅವಳ ಪರವಾಗಿ ಎರಡನ್ನೂ ನಾನೇ ಮಾಡಿದ್ದೇನೆ.

ನಿನ್ನ ಅಕ್ಕ,
ಜಲಜಾ

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ: ಎರಡನೇ ಸುತ್ತಿನ ಅರ್ಜಿ ಈ ತಿಂಗಳ ಮೂವತ್ತೊಂದರವರೆಗೆ ಇದೆ, ವಿಚಾರಿಸಿದ್ದೇನೆ. ಕಾಗದ ಸಿಕ್ಕ ಮರುದಿನವೇ ಹೊಸ ಸಿಮ್ ತಗೊಂಡು ಅಲ್ಲಿನ ಆಧಾರ್ ಕೇಂದ್ರಕ್ಕೆ ಹೋಗು. ನಂಬರ್ ಬದಲಾಯಿಸಲು ನನ್ನ ಫೋನೂ ಬೇಡ, ಓಟಿಪಿಯೂ ಬೇಡ, ನಿನ್ನ ಬೆರಳಚ್ಚು ಸಾಕು. ಸಾಯಿಪ್ರಿಯಾಳಿಗೆ ಐದು ತುಂಬಿದಾಗ ಅವಳ ಬೆರಳಚ್ಚು ಕೊಡಿಸಲು ಹೋಗಿದ್ದೆನಲ್ಲ, ಆಗಲೇ ಅಲ್ಲಿನ ಹುಡುಗಿ ಹೇಳಿದ್ದಳು. ನಾಲ್ಕು ವರ್ಷದಿಂದ ನನಗೆ ಗೊತ್ತು. ಹೊಸ ನಂಬರನ್ನು ನನಗೆ ಕೊಡಲೇಬೇಕೆಂದಿಲ್ಲ.