ಸಿಂಕಿನಲ್ಲಿ ಎರಡು ಲೋಟ

ಜೂನ್ 3, ಮಂಗಳವಾರ

ಗೋದಾಮಿನ ಬೆಂಕಿಯ ರಿಪೋರ್ಟ್ ತಿದ್ದಿದೆ. ಇನ್ಶೂರೆನ್ಸ್ ಸರ್ವೆಯರ್ ಕೆಲಸ ಅಂದರೆ ಇದೇ — ಸುಟ್ಟದ್ದರ ಪಕ್ಕ ಸ್ಕೇಲಿಟ್ಟು ಫೋಟೋ, ಆಮೇಲೆ ಬರವಣಿಗೆ. ಆಫೀಸಿನ ಹೊಸಬಳು, ‘ಮಾಲೀಕನೇ ಬೆಂಕಿಯಿಟ್ಟನೆಂದು ಸಾಬೀತು ಮಾಡಲು ಎವಿಡೆನ್ಸ್ ಗ್ಯಾದರ್ ಮಾಡಲಾಯಿತು’ ಅಂತ ಬರೆದಿದ್ದಾಳೆ. ಕರೆದು ಹೇಳಿದೆ: “ತೀರ್ಪು ಜೇಬಲ್ಲಿಟ್ಕೊಂಡು ಹೋದ್ರೆ ಅದು ಎವಿಡೆನ್ಸ್ ಗ್ಯಾದರ್ ಮಾಡೋದಲ್ಲಮ್ಮ, ಬೇಕಾದ್ದು ಆರಿಸ್ಕೊಳ್ಳೋದು. ಏನಾಯ್ತು ಅಂತ ತಿಳ್ಕೊಳ್ಳೋಕೆ ಹೋಗ್ಬೇಕು.” ತಲೆಯಾಡಿಸಿದಳು.

ಮನೆಗೆ ಬಂದಾಗ ಎಂಟು. ಸಿಂಕಿನಲ್ಲಿ ಟೀ ಲೋಟ ಎರಡು. ಮನೇಲಿದ್ದದ್ದು ಹೆಂಡತಿ ಒಬ್ಬಳೇ.

ಜೂನ್ 4

ಮತ್ತೆ ಎರಡು. ಮಹಡಿ ಮೇಲಿನ ಪಿಟೀಲು ಮೇಷ್ಟ್ರು ಸಂಜೆಯೆಲ್ಲ ಮನೇಲೇ ಇರ್ತಾನೆ. ಅವನು ನುಡಿಸಿದ್ದನ್ನೇ ಇವಳು ಪಾತ್ರೆ ತೊಳೆಯುತ್ತಾ ಗುನುಗುತ್ತಾಳೆ. ಅವನ ಬೆರಳು ಉದ್ದ. ನಂದು ಮೊಂಡು. ಹೊಟ್ಟೆಗೆ ಬೆಂಕಿ ಬಿತ್ತು... ಈ ಬೆಂಕಿಗೆ ಸರ್ವೆಯರ್ ಬೇರೆ ಬೇಕಿಲ್ಲ.

ಜೂನ್ 9

ಫೋಟೋ ಶುರು. ಲೋಟ, ಪಕ್ಕದಲ್ಲಿ ಸ್ಟೀಲ್ ಸ್ಕೇಲು — ಕೈಬಿಡದ ಅಭ್ಯಾಸ. ಮೆಟ್ಟಿಲಲ್ಲಿ ಪಿಟೀಲು ಮೇಷ್ಟ್ರು ಸಿಕ್ಕ. “ಏನ್ ಸಾರ್, ಇವತ್ತೂ ಲೇಟಾ?” ನಾನು ಲೇಟಾದರೆ ಇವನಿಗೇನು ಕಷ್ಟ? ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಜೂನ್ 13

ಇವತ್ತೂ ಎರಡು. ಇವಳ ಮುಖ ನೋಡೋಕೂ ಆಗ್ತಿಲ್ಲ. ನೋಡದೆ ಇರೋಕೂ.

ಜೂನ್ 17

“ಇದೇನ್ರೀ?” ಇವಳ ಕೈಯಲ್ಲಿ ನನ್ನ ಸ್ಕೇಲು. ಸಿಂಕಿನ ಹತ್ತಿರ ಮರೆತಿದ್ದೆ. ಎಲ್ಲ ಕಕ್ಕಿದೆ — ಪಿಟೀಲು, ಲೋಟ, ಫೋಟೋ. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಇಲ್ಲ.

“ಫೋಟೋ ತೆಗೆದ್ರಲ್ಲ. ನೋಡಿದ್ರಾ?” ಅಂದಳು, ಅಷ್ಟೇ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಜೂನ್ 18, ಬೆಳಿಗ್ಗೆ, ಆಫೀಸು

ಫೋಟೋ ದೊಡ್ಡದು ಮಾಡಿ ನೋಡಿದೆ. ಒಂದು ಲೋಟದ ಅಂಚಿಗೆ ತುಟಿಯ ಗುರುತು. ಇನ್ನೊಂದರ ಅಂಚು ಚೊಕ್ಕ. ಒಳಗೆ, ಅಂಚಿನ ಕೆಳಗೆ, ಒಣಗಿದ ಕೆನೆಯ ಉಂಗುರ. ಲೋಟದ ತುಂಬ ಬಗ್ಗಿಸಿಟ್ಟು, ಆರಿ, ಯಾರೂ ಬಾಯಿಡದೆ ಚೆಲ್ಲಿದ ಟೀ. ಎಲ್ಲ ಫೋಟೋದಲ್ಲೂ ಹಾಗೇ.

ಮದುವೆಯಾದ ಹೊಸದರಲ್ಲಿ ಹೇಳಿದ್ದೆ — ದಿನಾ ಆರಕ್ಕೆ ಬರ್ತೀನಿ, ಟೀ ಜೊತೇಲೇ ಕುಡಿಯೋಣ. ನಾನು ಮರೆತಿದ್ದೆ. ಅವಳು ಇಷ್ಟು ವರ್ಷವೂ ಎರಡು ಲೋಟಕ್ಕೇ ನೀರಿಡುತ್ತಿದ್ದಳು; ನಾನು ಸಿಂಕು ನೋಡಿದ್ದೇ ಈ ತಿಂಗಳು. ನಾಚಿಕೆ ಆಗ್ತಿದೆ.

ಅದೇ ದಿನ, ಸಂಜೆ

ಆರಕ್ಕೇ ಬಂದೆ. ಮೇಲೆ ಪಿಟೀಲು. ಅಡುಗೆಮನೆಯಿಂದ ಟೀ ವಾಸನೆ. ಏನು ಹೇಳಬೇಕೋ ಗೊತ್ತಾಗದೆ ಇದನ್ನು ಬರೀತಾ ಕೂತಿದ್ದೇನೆ.

ಬಂದಳು. ಎದುರಿಗೇ ಕೂತಳು. ಕೈಯಲ್ಲಿ ಲೋಟ ಒಂದೇ. ಅವಳೇ ಕುಡಿಯುತ್ತಿದ್ದಾಳೆ. ಇವತ್ತು ನೀರಿಟ್ಟದ್ದು ಒಂದೇ ಲೋಟಕ್ಕೆ.