ನಿನ್ನ ಮಗಳ ಮಣಿಕಟ್ಟಿನ ಸ್ಕ್ಯಾನು

ಅಕ್ಕಾ,

ನೀನು ತೀರಿಹೋದ ಮೇಲೆ ನಿನ್ನ ಮಗಳನ್ನು ಬೈಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಚೆನ್ನಾಗಿಯೇ ಮಾಡುತ್ತಿದ್ದೇನೆ. ಅವಳಿಗೆ ಲೂಪಸ್ ಎಂಬ ಕಾಯಿಲೆ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುತ್ತದಂತೆ. ಬೆಳಿಗ್ಗೆ ಎದ್ದರೆ ನಲ್ಲಿ ತಿರುಗಿಸಲೂ ಅವಳ ಕೈಲಾಗುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವಾದ್ದರಿಂದ ಮನೆಯಲ್ಲಿ ಅದು ಸೋಮಾರಿತನ ಎಂದು ತೀರ್ಮಾನವಾಗಿತ್ತು.

ಇವತ್ತು ಸ್ಕ್ಯಾನಿಗೆ ಕರೆದುಕೊಂಡು ಹೋಗಿದ್ದೆ.

"ಡಾಕ್ಟ್ರಮ್ಮಾ, ಇದು ಬಸುರಿಯರ ಹೊಟ್ಟೆ ನೋಡೋ ಮಿಷನ್ನು. ಇವಳ ಕೈಲೇನು ಕೂಸು ಇದ್ಯಾ?" ಎಂದೆ.

"ಮಾವಾ, ಸುಮ್ನಿರು!" ಎಂದಳು ನಿನ್ನ ಮಗಳು.

ಡಾಕ್ಟರು ನಕ್ಕು, "ಮೊದ್ಲು ನಿಮ್ಮ ಕೈನೇ ನೋಡೋಣ, ಕೊಡಿ" ಎಂದರು. ಏಳನೇ ಕ್ಲಾಸಿನಲ್ಲೇ ಡ್ರಿಲ್ ಮೇಷ್ಟರನ್ನು ಪಂಜ ಕುಸ್ತಿಯಲ್ಲಿ ಮಣಿಸಿದ ಕೈ ಇದು ಎಂದು ಹೇಳಿಯೇ ಚಾಚಿದೆ. ಪರದೆಯ ಮೇಲೆ ನನ್ನ ಕೀಲು ಕಪ್ಪುಬಿಳುಪಾಗಿ ತೆಪ್ಪಗೆ ಕೂತಿತ್ತು.

ಆಮೇಲೆ ಅವಳ ಮಣಿಕಟ್ಟಿಗೆ ಜೆಲ್ ಹಚ್ಚಿದರು. ಅಲ್ಲಿ ಕೆಂಪು ಚುಕ್ಕೆಗಳು ಕಿಡಿಗಳ ಹಾಗೆ ಮಿನುಗಿದವು.

"ಕೆಂಪಿರೋ ಕಡೆಯೆಲ್ಲ ಒಳಗೆ ಊದ್ಕೊಂಡಿದೆ. ಮೂಳೆ ಇನ್ನೂ ಚೆನ್ನಾಗಿದೆ, ಅದಕ್ಕೇ ಎಕ್ಸ್‌ರೇಲಿ ಗೊತ್ತಾಗ್ಲಿಲ್ಲ. ಈಗ್ಲೇ ಔಷಧಿ ಬದಲಾಯಿಸಿದ್ರೆ ಕೈ ಉಳಿಸ್ಕೋಬಹುದು."

"ನೋಡ್ದ್ಯಾ ಮಾವಾ? ನಾನು ನಾಟಕ ಆಡ್ತಿರ್ಲಿಲ್ಲ."

"ನಾನ್ಯಾವಾಗ ಹಾಗಂದೆ?"

"ನಿನ್ನೆ."

ಡಾಕ್ಟರು ಆಚೆ ಹೋದ ಮೇಲೆ ಮೆಲ್ಲಗೆ ಕೇಳಿದಳು: "ಅಮ್ಮನ ಕೈಯಿಂದ್ಲೂ ಲೋಟ ಜಾರಿ ಬೀಳ್ತಿತ್ತಲ್ಲ ಮಾವಾ, ಅವಳಿಗೂ ಹೀಗೇ ಇತ್ತಾ?"

ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವ ನಿನ್ನ ತಮ್ಮ ಒಂದು ಬಟ್ಟೆ ತೆಗೆದುಕೊಂಡು, ಅವಳಿಗೆ ನೋವಾಗದ ಹಾಗೆ, ಮಣಿಕಟ್ಟಿನ ಜೆಲ್ಲನ್ನು ಒರೆಸುತ್ತಾ ಕೂತ.